ಎರರ್ ಓದುವುದನ್ನು ಯಾರೂ ಹೇಳಿಕೊಡಲಿಲ್ಲ

ಎಂಎಸ್ಸಿ ಸಂಖ್ಯಾಶಾಸ್ತ್ರದ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಸಲ್ಲಿಸಲು ಮೂರು ವಾರ ಉಳಿದಿತ್ತು. ‘ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿದೆ, ಹಾಕ್ಕೊಳ್ಳೋ ಮಾರಾಯ’ ಎಂದ ಗೆಳೆಯ. ನಮ್ಮ ಬ್ಯಾಚ್‌ನಲ್ಲಿ ಹೆಚ್ಚಿನವರು ಅದನ್ನೇ ಮಾಡಿದ್ದರು. ನನ್ನದು ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್. ವಿಂಡೋಸ್ ತೆವಳುತ್ತದೆಂದು ಉಬುಂಟು 22.04 ಹಾಕಿಕೊಂಡಿದ್ದೆ. ಹಾಗಾಗಿ ‘ಆರ್’ ಹಿಡಿದೆ. ಆದರ್ಶವೇನೂ ಅಲ್ಲ, ಅನಿವಾರ್ಯ.

ಒಂದೇ ಸಾಲಿನ ಆದೇಶಕ್ಕೆ ಆರ್ ಬಂದು ಕೂತಿತು. ಕಷ್ಟ ಶುರುವಾಗಿದ್ದು ಪ್ಯಾಕೇಜ್‌ಗಳಿಂದ. ವಿಂಡೋಸ್‌ನಲ್ಲಿ ಸಿದ್ಧ ಅಡುಗೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೂಲ ಕೋಡ್ ಬಂದು ನಮ್ಮ ಯಂತ್ರದಲ್ಲೇ ಬೇಯಬೇಕು. ‘ಟೈಡಿವರ್ಸ್’ ಹಾಕಲು ಹೋದರೆ ಫ್ಯಾನ್ ಅರಚಿ ಅರಚಿ, ಕೊನೆಗೆ ‘ನಾನ್-ಜೀರೊ ಎಕ್ಸಿಟ್ ಸ್ಟೇಟಸ್’. ಮತ್ತೆ ಹಾಕಿದೆ, ಮತ್ತದೇ. ಆ ದಿನದ ಮೊಬೈಲ್ ಡೇಟಾ ಮುಗಿಯಿತು.

ಎರಡು ದಿನ ಬಿಟ್ಟು ಪರದೆಯನ್ನು ಮೇಲಕ್ಕೆ ಸರಿಸಿ ನೋಡಿದರೆ ಉತ್ತರ ಅಲ್ಲೇ ಇತ್ತು! ಲಿಬ್‌ಕರ್ಲ್ ಸಿಗಲಿಲ್ಲ, ಉಬುಂಟು ಆದರೆ ಇದನ್ನು ಹಾಕಿ ಎಂದು ಹೆಸರು ಸಮೇತ ಬರೆದಿತ್ತು. ಲಿಬ್‌ಕರ್ಲ್, ಎಸ್‌ಎಸ್‌ಎಲ್, ಎಕ್ಸ್‌ಎಂಎಲ್2, ಜೊತೆಗೆ ಫಾಂಟ್‌ಗೆ ಸಂಬಂಧಿಸಿದ ಒಂದೆರಡು ‘ಡೆವ್’ ಪ್ಯಾಕೇಜ್‌ಗಳನ್ನು ಹಾಕಿದ ಮೇಲೆ ಎಲ್ಲ ಸರಾಗ. ಕೊನೆಯ ಸಾಲನ್ನಷ್ಟೇ ಓದಿ ಹೆದರಿದ್ದೆ. ಐದು ವರ್ಷದ ಓದಿನಲ್ಲಿ ಎರರ್ ಓದುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲ್ಯಾಬ್‌ನಲ್ಲಿ ಎಲ್ಲವನ್ನೂ ಮೊದಲೇ ಹಾಕಿಟ್ಟಿರುತ್ತಾರಲ್ಲ. (ಅನೇಕ ಪ್ಯಾಕೇಜ್‌ಗಳು ‘ಆರ್-ಕ್ರ್ಯಾನ್’ ಎಂಬ ಹೆಸರಿನಡಿ ಉಬುಂಟುವಿನಲ್ಲೇ ಸಿದ್ಧವಾಗಿ ಸಿಗುತ್ತವೆ ಎಂಬುದು ಇನ್ನೂ ತಡವಾಗಿ ಗೊತ್ತಾಯಿತು.)

ಎರಡನೇ ಪೆಟ್ಟು ನನ್ನದೇ ತಪ್ಪು. ಉಬುಂಟು 22.04 ಕೊಡುವುದು ಆರ್ 4.1.2. ಒಂದು ಪ್ಯಾಕೇಜ್ ಹೊಸ ಆವೃತ್ತಿ ಬೇಕೆಂದಿತು. ಸಲ್ಲಿಕೆಗೆ ನಾಲ್ಕು ದಿನ ಇರುವಾಗ ಕ್ರ್ಯಾನ್ ಭಂಡಾರ ಸೇರಿಸಿ 4.3ಕ್ಕೆ ಏರಿದೆ. ಆರ್ ಹೊಸದಾಯಿತು, ಹಾಕಿಕೊಂಡಿದ್ದ ಪ್ಯಾಕೇಜ್‌ಗಳೆಲ್ಲ ಮಾಯ! 4.1ಕ್ಕೆ ಒಂದು ಫೋಲ್ಡರ್, 4.3ಕ್ಕೆ ಇನ್ನೊಂದು. ರಾತ್ರಿಯಿಡೀ ಕೂತು ಮತ್ತೆ ಹಾಕಿದೆ. ಈಗ ಪ್ರತಿ ವರದಿಯ ಕೊನೆಗೆ ‘ಸೆಷನ್‌ಇನ್ಫೊ’ ಕೊಟ್ಟ ಆವೃತ್ತಿಗಳ ಪಟ್ಟಿ ಅಂಟಿಸುತ್ತೇನೆ. ಸಲ್ಲಿಕೆಯ ವಾರ ಯಾವ ಅಪ್‌ಡೇಟ್‌ಗೂ ಕೈ ಹಾಕುವುದಿಲ್ಲ.

ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರು, ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್, ತೊಂಬತ್ತರ ದಶಕದಲ್ಲಿ ಕಟ್ಟಿದ್ದು ಈ ಆರ್. ಪಾಠ ಮಾಡುವ ಅಗತ್ಯವೂ ಅದರ ಹಿಂದಿತ್ತು. ಕಾಸಿಲ್ಲದೆ, ಕಾನೂನುಬದ್ಧವಾಗಿ ಸಿಗುತ್ತದೆ. ಹೀಗಿದ್ದೂ ನಮ್ಮ ಹುಡುಗರು ಕದ್ದ ಪ್ರತಿಯಲ್ಲಿ ಪ್ರಾಜೆಕ್ಟ್ ಮಾಡುವುದನ್ನು ಕಾಲೇಜುಗಳು ನೋಡಿಯೂ ನೋಡದಂತೆ ಇರುವುದೇಕೆ? ಖಾಲಿ ಯಂತ್ರಕ್ಕೆ ಲಿನಕ್ಸ್, ಅದರ ಮೇಲೆ ಆರ್ ಹಾಕುವುದನ್ನೇ ಮೊದಲ ಪ್ರಾಕ್ಟಿಕಲ್ ಮಾಡಿ, ಅದಕ್ಕೆ ಅಂಕವನ್ನೂ ಕೊಡಲಿ.

ಕಳೆದ ತಿಂಗಳ ಸಂದರ್ಶನದಲ್ಲಿ ‘ಲಿನಕ್ಸ್ ಸರ್ವರ್‌ನಲ್ಲಿ ಪ್ಯಾಕೇಜ್ ಹಾಕಲು ಬರುತ್ತದಾ?’ ಎಂದು ಕೇಳಿದರು. ಲಿಬ್‌ಕರ್ಲ್ ಕತೆ ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಪೆನ್‌ಡ್ರೈವ್ ಗೆಳೆಯನ ಲ್ಯಾಪ್‌ಟಾಪ್ ವೈರಸ್ ಹೊಡೆದು ಮಲಗಿದೆ. ಈ ಭಾನುವಾರ ಅದಕ್ಕೆ ಉಬುಂಟು ಹಾಕಬೇಕು.