ಆ ಪಟ್ಟಿಯನ್ನು ಓದಿದವರು ಯಾರಿದ್ದಾರೆ?

"ಮಕ್ಕಳನ್ನು ಮೈದಾನಕ್ಕೆ ಇಳಿಸಿ, ಡ್ರಗ್ಸ್ ತಾನಾಗಿ ದೂರ ಹೋಗುತ್ತದೆ." ಈ ವಾರ ಪುತ್ತೂರು ಕಡೆಯ ಒಂದು ಕಬಡ್ಡಿ ಪಂದ್ಯಾಟದ ಉದ್ಘಾಟನೆಯಲ್ಲಿ ಈ ಮಾತನ್ನು ಮತ್ತೆ ಕೇಳಬೇಕಾಯಿತು. ಹೇಳಿದವರು ಒಂದು ಶಿಕ್ಷಣ ಸಂಸ್ಥೆ ನಡೆಸುವವರು. ಚಪ್ಪಾಳೆಯೂ ಬಿತ್ತು. ಜೂನ್ 26ರ ಪ್ರತಿಜ್ಞಾವಿಧಿಯಲ್ಲಿ, ವಾರ್ಷಿಕ ಕ್ರೀಡಾಕೂಟದಲ್ಲಿ, ಎನ್ನೆಸ್ಸೆಸ್ ಶಿಬಿರದ ಸಮಾರೋಪದಲ್ಲಿ ಎಲ್ಲ ಕಡೆಯೂ ಇದೇ ಮಾತು. ಪುತ್ತೂರಿನಲ್ಲಿ ಕೇಳಿ, ಸುಳ್ಯದಲ್ಲಿ ಕೇಳಿ, ಕಡಬದಲ್ಲಿ ಕೇಳಿ ನನಗೆ ಸಾಕಾಗಿದೆ. ಮಾತು ಹಳೆಯದಾಯಿತು ಎಂದಲ್ಲ ನನ್ನ ಸಿಟ್ಟು. ಅದು ಸುಳ್ಳು.

ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ವಾಡಾ, 2024ರ ಲೆಕ್ಕ ಕೊಟ್ಟಿದೆ. ಭಾರತದ ಕ್ರೀಡಾಪಟುಗಳ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತು. ಅದರ ಹಿಂದಿನ ವರ್ಷ 5,606ರಲ್ಲಿ 213. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ, ಸಿಕ್ಕಿಬೀಳುವ ಪ್ರಮಾಣದಲ್ಲಿ ಸತತ ಮೂರು ವರ್ಷ ನಮ್ಮದೇ ಮೊದಲ ಸ್ಥಾನ. 2024ರ ಜನವರಿಯಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ, 18 ತುಂಬುವ ಮೊದಲೇ ಸಿಕ್ಕಿಬಿದ್ದವರ ಸಂಖ್ಯೆಯಲ್ಲಿ ರಷ್ಯಾದ ನಂತರ ಭಾರತ. ಇವರೆಲ್ಲ ಮೈದಾನಕ್ಕೆ ಇಳಿದ ಮಕ್ಕಳೇ ಅಲ್ಲವೇ?

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ನೆಹರೂ ಸ್ಟೇಡಿಯಂನಲ್ಲಿ ನಡೆದದ್ದು ನೆನಪಿರಬಹುದು. ರಾಜ್ಯ ಮಟ್ಟದ ಅಥ್ಲೆಟಿಕ್ಸ್. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಅಂದರೆ ನಾಡಾದವರು ಮೂತ್ರದ ಮಾದರಿ ಪಡೆಯಲು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ಪುರುಷರ 100 ಮೀಟರ್ ಫೈನಲ್‌ಗೆ ಬಂದು ನಿಂತವನು ಒಬ್ಬನೇ. ಸ್ಟೀಪಲ್‌ಚೇಸ್ ಮುಗಿಸಿದ ಒಬ್ಬ ಹುಡುಗಿ ಗೆರೆ ದಾಟಿದ ಮೇಲೂ ನಿಲ್ಲದೆ ಓಡಿದಳು, ಹಿಂದಿನಿಂದ ಅಧಿಕಾರಿ ಓಡಿದರು. ಶೌಚಾಲಯದಲ್ಲಿ ಸಿರಿಂಜುಗಳ ರಾಶಿ. ಇದು ಕ್ರೀಡಾ ಕೋಟಾದ ಸೀಟು, ರೈಲ್ವೆ ನೌಕರಿ, ಪೊಲೀಸ್ ನೌಕರಿ ಕಣ್ಣ ಮುಂದಿಟ್ಟುಕೊಂಡು ಓಡುವ ಮಕ್ಕಳ ಕಥೆ. ನಮ್ಮ ಮಕ್ಕಳ ಕಣ್ಣ ಮುಂದೆಯೂ ಇರುವುದು ಅವೇ.

ಈಗ ಪರೀಕ್ಷೆಯ ವಿಚಾರ. 2025ರಲ್ಲಿ ಮಂಗಳೂರು ನಗರ ಪೊಲೀಸರು ಕಾಲೇಜುಗಳ ಜೊತೆ ಸೇರಿ ವಿದ್ಯಾರ್ಥಿಗಳ ದಿಢೀರ್ ಮಾದಕವಸ್ತು ತಪಾಸಣೆ ಶುರು ಮಾಡಿದ್ದು ಗೊತ್ತೇ ಇದೆ. ಅದಕ್ಕೆ ಕಾರಣವೂ ಇತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಅವರು ಹಿಡಿದ ಎಂಡಿಎಂಎ 37 ಕಿಲೋಗೂ ಮಿಕ್ಕಿತ್ತು. ನಮ್ಮ ಮೂರು ತಾಲೂಕು ಜಿಲ್ಲಾ ಪೊಲೀಸರ ವ್ಯಾಪ್ತಿಯವು, ಇಲ್ಲಿಯೂ ಆ ತಪಾಸಣೆ ಬರಲಿ, ಕ್ರೀಡಾ ತಂಡಗಳಿಂದಲೇ ಶುರುವಾಗಲಿ ಎನ್ನುವವರು ಇದ್ದಾರೆ. ಬರಲಿ. ಆದರೆ ಮೂತ್ರಕ್ಕೆ ಅದ್ದಿ ನೋಡುವ ಆ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿದು ಬರಲಿ. ಗಾಂಜಾ ಗೊತ್ತಾಗುತ್ತದೆ, ಎಂಡಿಎಂಎ ಗೊತ್ತಾಗುತ್ತದೆ, ಅಫೀಮಿನ ಜಾತಿಯವು ಗೊತ್ತಾಗುತ್ತವೆ. ಸ್ನಾಯು ಬೆಳೆಸುವ ಸ್ಟೆರಾಯ್ಡ್ ಅದಕ್ಕೆ ಕಾಣುವುದಿಲ್ಲ. ಮೈಯ ನೀರು ಇಳಿಸುವ ಮಾತ್ರೆಯೂ ಕಾಣುವುದಿಲ್ಲ. ಜಿಮ್‌ನಲ್ಲಿ ಹುಡುಗ ಚುಚ್ಚಿಸಿಕೊಂಡ ಸ್ಟಾನೊಜೊಲಾಲ್ ರಕ್ತದಲ್ಲಿ ಇರುವಾಗಲೇ ಈ ಪರೀಕ್ಷೆಯಲ್ಲಿ ಅವನು ನೂರಕ್ಕೆ ನೂರು ಶುದ್ಧ.

ತಿರುಗಿ ಇನ್ನೊಂದು ಅಪಾಯವೂ ಉಂಟು. ಕೊಡೈನ್ ಇರುವ ಕೆಮ್ಮಿನ ಮದ್ದು ಕುಡಿದವನ ಮೂತ್ರವೂ ಆ ಪಟ್ಟಿಯಲ್ಲಿ ಗೆರೆ ಎಳೆಯಬಹುದು. ಅದು ಮೊದಲ ಸೂಚನೆ ಮಾತ್ರ, ಖಚಿತವಾಗಬೇಕಾದರೆ ಪ್ರಯೋಗಾಲಯದ ಪರೀಕ್ಷೆ ಆಗಬೇಕು. ಕ್ರೀಡೆಯ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಕನಿಷ್ಠ 90 ಮಿಲಿಲೀಟರ್ ಮೂತ್ರ, ಕ್ರೀಡಾಪಟು ತನ್ನ ಕೈಯಿಂದಲೇ ಎ ಮತ್ತು ಬಿ ಎಂದು ಎರಡು ಬಾಟಲಿಗೆ ಸುರಿದು ಮುಚ್ಚಬೇಕು, ಬಾಟಲಿಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಹಿಂದಿನ 7 ದಿನ ತೆಗೆದುಕೊಂಡ ಮದ್ದುಗಳನ್ನು ಬರೆದುಕೊಡಲು ಜಾಗ ಇದೆ. ಎ ಬಾಟಲಿಯಲ್ಲಿ ಏನಾದರೂ ಸಿಕ್ಕಿದರೆ ಬಿ ತೆರೆಸುವ ಹಕ್ಕಿದೆ, ವಿಚಾರಣೆ ಇದೆ, ಮೇಲ್ಮನವಿ ಇದೆ. ಪಾತಕಿಗೂ ಕೊಡುವ ಈ ಹಕ್ಕುಗಳನ್ನು ಹತ್ತೊಂಬತ್ತರ ಹುಡುಗನಿಗೆ ಕೊಡದೆ, ಪ್ರಾಂಶುಪಾಲರ ಕೋಣೆಯಲ್ಲಿ ಒಂದು ಗೆರೆ ನೋಡಿ ತಂಡದಿಂದ ಕಿತ್ತುಹಾಕುವ ಅಧಿಕಾರ ಯಾರಿಗೂ ಇರಬಾರದು.

ಕಳೆದ ಮಳೆಗಾಲದಲ್ಲಿ ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಪರಿಚಯದ ಹುಡುಗನೊಬ್ಬ ಪಕ್ಕದಲ್ಲಿ ಕೂತ. ಡಿಗ್ರಿ ಎರಡನೇ ವರ್ಷ, ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ನಮ್ಮ ಕಡೆ 60 ಕೆ.ಜಿ., 65 ಕೆ.ಜಿ. ಎಂದು ತೂಕ ನಿಗದಿ ಮಾಡಿ ಹೊನಲು ಬೆಳಕಿನ ಪಂದ್ಯಾಟ ನಡೆಸುತ್ತಾರಲ್ಲ, ಅಂಥ ಒಂದು ಪಂದ್ಯಾಟ ಮರುದಿನ.

"ಎಷ್ಟು ಇಳಿಸಿದ್ದು ಮಾರಾಯ?"

"ಎರಡು ದಿನದಲ್ಲಿ ಮೂರು ಕೆ.ಜಿ. ಸರ್. ಮಾತ್ರೆ ಉಂಟಲ್ಲ, ಮೂತ್ರ ಹೋಗುವಂಥದ್ದು."

"ಯಾರು ಕೊಟ್ಟದ್ದು?"

"ಟೀಮಿನ ಅಣ್ಣ. ಅವರ ಅಜ್ಜನಿಗೆ ಹಾರ್ಟಿಗೆ ಕೊಡುವ ಮದ್ದು ಅದು. ಎಲ್ಲರೂ ತಿನ್ನುತ್ತಾರೆ, ಏನಾಗುವುದಿಲ್ಲ."

ಆ ಮಾತ್ರೆ ಫ್ಯೂರೋಸೆಮೈಡ್. ಹೃದಯ ಸೋತು ಕಾಲು ಬಾತವರಿಗೆ ವೈದ್ಯರು ಅಳೆದು ಕೊಡುವಂಥದ್ದು. ನೀರಿನ ಜೊತೆ ಮೈಯ ಪೊಟ್ಯಾಷಿಯಂ ಕೂಡ ಹೋಗುತ್ತದೆ, ಮೀನಖಂಡ ಸೆಳೆಯುತ್ತದೆ, ಮಿತಿಮೀರಿದರೆ ಎದೆಬಡಿತವೇ ಲಯ ತಪ್ಪುತ್ತದೆ. ವಾಡಾದ ನಿಷೇಧಿತ ಪಟ್ಟಿಯಲ್ಲಿ ಈ ಜಾತಿಯ ಮದ್ದುಗಳಿಗೆ ಪಂದ್ಯ ಇರಲಿ ಇಲ್ಲದಿರಲಿ ಸದಾ ನಿಷೇಧ, ಯಾಕೆಂದರೆ ಬೇರೆ ಮದ್ದಿನ ಗುರುತನ್ನು ಮೂತ್ರದಲ್ಲಿ ತೆಳುಮಾಡಿ ಮರೆಸಲೂ ಇವನ್ನೇ ಬಳಸುತ್ತಾರೆ. ಈ ಹುಡುಗ ಬೀಡಿ ಮುಟ್ಟಿದವನಲ್ಲ. ಶನಿವಾರ ಭಜನೆಗೆ ಹೋಗುತ್ತಾನೆ. ಮಾದಕವಸ್ತು ವಿರೋಧಿ ಪ್ರತಿಜ್ಞೆಯಲ್ಲಿ ಕೈ ಮುಂದೆ ಚಾಚಿ ನಿಂತವನು. ತಾನು ತಿಂದದ್ದು ಕ್ರೀಡೆಯಲ್ಲಿ ನಿಷೇಧಿತ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. "ನಾಳೆ ತೂಕ ಹಾಕುವಾಗ ಮಾಸ್ಟ್ರು ಸಹ ಇರ್ತಾರೆ, ಅವರೂ ಏನೂ ಹೇಳುವುದಿಲ್ಲವಲ್ಲ ಸರ್" ಎಂದ.

ಇಂಥ ಪಂದ್ಯಾಟಗಳಿಗೆ ನಾಡಾ ಬರುವುದಿಲ್ಲ. ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ, ರಾಷ್ಟ್ರ ಮಟ್ಟಕ್ಕೆ ಏರಿದಾಗ ಎದುರಾಗುತ್ತದೆ. ಹಾಗೆ ಏರುವವರು ಇಲ್ಲಿ ಇಲ್ಲವೆಂದಲ್ಲ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಪಾಟ್ನಾ ಪೈರೇಟ್ಸ್ ನಾಯಕನಾಗಿ 2022ರಲ್ಲಿ ಪ್ರೊ ಕಬಡ್ಡಿ ಫೈನಲ್ ಆಡಿದ್ದನ್ನು ಈ ಮೂರು ತಾಲೂಕು ಮನೆಮನೆಯಲ್ಲಿ ಕೂತು ನೋಡಿದೆ. ಅವರ ಹಾಗೆ ಆಗಬೇಕೆಂದು ಹೊರಟ ಹುಡುಗ ಅಲ್ಲಿಗೆ ತಲುಪುವ ಹೊತ್ತಿಗೆ, ಕಾಲೇಜಿನಲ್ಲಿ ಕಲಿತ ಕೆಟ್ಟ ಚಾಳಿ ಮೈಗೆ ಅಂಟಿರುತ್ತದೆ.

ಕೆಮ್ಮಿನ ಮದ್ದಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ನಮ್ಮ ಊರಿನ ಮಳೆಗೂ ಅದಕ್ಕೂ ಸಂಬಂಧ ಇದೆ. ಜೂನ್‌ನಿಂದ ಇಲ್ಲಿ ಕೆಮ್ಮು ಇಲ್ಲದ ಮನೆ ಇಲ್ಲ. ಮೆಡಿಕಲ್‌ಗೆ ಹೋಗಿ "ಒಂದು ಕಫದ ಸಿರಪ್ ಕೊಡಿ" ಎನ್ನುತ್ತೇವೆ, ಅವರು ಕೊಡುತ್ತಾರೆ. ಅಂಥ ಎಷ್ಟೋ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಎಂಬ ಅಂಶ ಇರುತ್ತದೆ. ಅದು ನಿಷೇಧಿತ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ 8 ತಿಂಗಳ ನಿಷೇಧ ಅನುಭವಿಸಿದ್ದು ಇದೇ ಅಂಶದಿಂದ, ಕೆಮ್ಮಿನ ಸಿರಪ್ ಕುಡಿದೆ ಎಂಬುದೇ ಅವನ ವಿವರಣೆ. ಭಾರತ ತಂಡಕ್ಕೆ ಆಡಿದ ಹುಡುಗನಿಗೇ ಹೇಳುವವರಿಲ್ಲದಿದ್ದರೆ ಸುಬ್ರಹ್ಮಣ್ಯದ, ರಾಮಕುಂಜದ, ಬೆಟ್ಟಂಪಾಡಿಯ ಹುಡುಗಿಗೆ ಯಾರು ಹೇಳುತ್ತಾರೆ?

ಹೇಳಬೇಕಾದವರು ದೈಹಿಕ ಶಿಕ್ಷಣ ನಿರ್ದೇಶಕರು. ಈ ಅಂಕಣ ಓದುವವರಿಗೆ ನಾನು ಎಲ್ಲಿಗೆ ಬರುತ್ತೇನೆಂದು ಗೊತ್ತಾಗಿರಬಹುದು. ಹೌದು, ಕ್ರೀಡಾ ಶುಲ್ಕ. ಪ್ರತಿ ವಿದ್ಯಾರ್ಥಿಯಿಂದ, ಒಂದು ದಿನವೂ ಮೈದಾನಕ್ಕೆ ಇಳಿಯದವರಿಂದಲೂ, ವರ್ಷ ವರ್ಷ ವಸೂಲಿ ಮಾಡುವ ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳುತ್ತಲೇ ಬಂದಿದ್ದೇನೆ, ಕೇಳುತ್ತಲೇ ಇರುತ್ತೇನೆ. ಒಂದಿಷ್ಟು ಜೆರ್ಸಿಗೆ, ಒಂದಿಷ್ಟು ಬಸ್ಸಿಗೆ, ಟ್ರೋಫಿಗೆ, ಉದ್ಘಾಟನೆಯ ಶಾಮಿಯಾನಕ್ಕೆ. ತಂಡದ ಹುಡುಗಿಗೆ ದಿನಕ್ಕೆ ಎರಡು ಮೊಟ್ಟೆಗೆ ಅದರಲ್ಲಿ ಜಾಗ ಇಲ್ಲ. ಬೆಳಿಗ್ಗೆ ಎರಡು ಇಡ್ಲಿ ತಿಂದು 800 ಮೀಟರ್ ಅಭ್ಯಾಸ ಮಾಡುವವಳಿಗೆ ಮೈ ಸೋಲುತ್ತದೆ. ಸೋತಾಗ ಯಾರೋ ಒಂದು ಡಬ್ಬಿ ತೋರಿಸುತ್ತಾರೆ. ಡಬ್ಬಿ ದುಬಾರಿ, ಹಾಗಾಗಿ ನಾಲ್ವರು ಸೇರಿ ಜಿಮ್‌ನಿಂದ ಬಿಡಿಯಾಗಿ ಪುಡಿ ತರುತ್ತಾರೆ. ಮುಚ್ಚಳ ಯಾರು ತೆರೆದರು, ಒಳಗೆ ಏನು ಬೆರೆತಿದೆ, ದೇವರೇ ಬಲ್ಲ. ಇವು ಕಾನೂನಿನ ಕಣ್ಣಲ್ಲಿ ಆಹಾರ, ಔಷಧ ಅಲ್ಲ. ಔಷಧಕ್ಕೆ ಇರುವ ತಪಾಸಣೆ ಇವಕ್ಕಿಲ್ಲ.

ಮಂಗಳೂರಿನ ಎಂ.ಆರ್. ಪೂವಮ್ಮ ಅವರ ಮಾದರಿಯಲ್ಲಿ 2021ರ ಫೆಬ್ರುವರಿಯಲ್ಲಿ ಸಿಕ್ಕಿದ್ದು ಮೀಥೈಲ್‌ಹೆಕ್ಸಾನಮೈನ್, ವ್ಯಾಯಾಮಕ್ಕೆ ಮೊದಲು ಕುಡಿಯುವ ಕೆಲವು ಪುಡಿಗಳಲ್ಲಿ ಕಾಣಿಸಿಕೊಳ್ಳುವ ಉತ್ತೇಜಕ. ಮೊದಲು 3 ತಿಂಗಳು ಎಂದಿದ್ದ ನಿಷೇಧ ಮೇಲ್ಮನವಿ ಸಮಿತಿಯಲ್ಲಿ 2 ವರ್ಷಕ್ಕೆ ಏರಿತು. ಅರ್ಜುನ ಪ್ರಶಸ್ತಿ ಪಡೆದ ಓಟಗಾರ್ತಿ ಅವರು.

ಅದಕ್ಕೂ ಹಿಂದಿನದು ಅಶ್ವಿನಿ ಅಕ್ಕುಂಜಿ. ಸಿದ್ದಾಪುರ ಜನ್ಸಾಲೆಯ ಕೃಷಿಕರ ಮಗಳು, 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ. ಇಡೀ ಕರಾವಳಿ ಎದೆ ಉಬ್ಬಿಸಿ ನಡೆದ ದಿನಗಳು ಅವು. ಮರುವರ್ಷ ಮಧ್ಯದಲ್ಲಿ ಸ್ಟೆರಾಯ್ಡ್ ಪತ್ತೆಯಾಯಿತು. ಉಕ್ರೇನಿನ ತರಬೇತುದಾರ ಚೀನಾದಲ್ಲಿ ಕೊಂಡು ತಂದ ಜಿನ್ಸೆಂಗ್ ಮಾತ್ರೆಯಿಂದ ಬಂತು ಎಂದು ಅಶ್ವಿನಿ ಹೇಳಿದರು. ಇಲ್ಲಿನ ಸಮಿತಿ, ಅವರ ತಪ್ಪು ದೊಡ್ಡದಲ್ಲ ಎಂದು ಒಂದು ವರ್ಷ ಕೊಟ್ಟಿತು. 2012ರ ಜುಲೈಯಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಆ ತಿಂಗಳ ಕೊನೆಗೇ ಇತ್ತು. ನಿಯಮ ಹೇಳುವುದು ಇಷ್ಟೇ: ನಿನ್ನ ಮೈಯೊಳಗೆ ಏನು ಸಿಕ್ಕಿದರೂ ಹೊಣೆ ನಿನ್ನದು, ಯಾರು ಕೊಟ್ಟರು ಎಂಬುದು ಆಮೇಲಿನ ಮಾತು. ತರಬೇತುದಾರ ಕೆಲಸ ಕಳೆದುಕೊಂಡು ಊರಿಗೆ ಹೋದರು. ಅಶ್ವಿನಿ ಕಳೆದುಕೊಂಡ ವರ್ಷಗಳನ್ನು ಯಾರೂ ಹಿಂದೆ ಕೊಡಲಿಲ್ಲ.

ಇಷ್ಟು ಹತ್ತಿರದ ಪಾಠ ಇದ್ದೂ ನಮ್ಮ ಕಾಲೇಜುಗಳು ಕಲಿತಿಲ್ಲ ಎಂಬುದೇ ನನ್ನ ನೋವು. ಕಲಿಸುವ ಜನ ಇಲ್ಲವೇ? ಸುಳ್ಯದಲ್ಲೇ ಕೆವಿಜಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಔಷಧಶಾಸ್ತ್ರ ಕಲಿಸುವ ಅಧ್ಯಾಪಕರಿದ್ದಾರೆ. ವರ್ಷಕ್ಕೊಂದು ದಿನ ಮೂರು ತಾಲೂಕಿನ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಮೆಡಿಕಲ್ ಅಂಗಡಿಯವರನ್ನೂ ಕೂರಿಸಿ, ಪ್ರತಿ ಜನವರಿ 1ಕ್ಕೆ ಹೊಸದಾಗುವ ವಾಡಾ ಪಟ್ಟಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಎಷ್ಟು ಖರ್ಚಾದೀತು? ಒಂದು ಹೊನಲು ಬೆಳಕಿನ ಪಂದ್ಯಾಟದ ಶಾಮಿಯಾನದಷ್ಟೂ ಆಗದು. ನನಗೆ ಗೊತ್ತಿದ್ದ ಒಬ್ಬ ನಿವೃತ್ತ ಪಿಟಿ ಮಾಸ್ಟ್ರು ತಂಡ ಹೊರಡುವ ಮೊದಲು ಮಕ್ಕಳ ಚೀಲದಲ್ಲಿದ್ದ ಮಾತ್ರೆ, ಸಿರಪ್ ಎಲ್ಲ ಮೇಜಿನ ಮೇಲೆ ಇಡಿಸಿ, ಹೆಸರು ಬರೆದುಕೊಂಡು ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕೇಳಿ ಬರುತ್ತಿದ್ದರು. ಅವರಿಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಮಕ್ಕಳು ತನ್ನವರು ಎಂದುಕೊಂಡಿದ್ದರು, ಅಷ್ಟೇ.

ಇನ್ನು ನಿಜವಾಗಿ ಗಾಂಜಾಕ್ಕೆ, ಎಂಡಿಎಂಎಗೆ ಸಿಕ್ಕಿಕೊಂಡ ಆಟಗಾರರು. ಅವರೂ ಇದ್ದಾರೆ. ವಾಡಾದ ನಿಯಮವೇ 2021ರಿಂದ ಬದಲಾಗಿದೆ: ಆಟಕ್ಕೆ ಸಂಬಂಧವಿಲ್ಲದೆ, ಪಂದ್ಯದ ಹೊರಗೆ ಇಂಥದ್ದನ್ನು ಸೇವಿಸಿದ್ದು ಸಾಬೀತಾದರೆ ನಿಷೇಧ 3 ತಿಂಗಳು, ಚಿಕಿತ್ಸೆ ಪೂರೈಸಿದರೆ ಒಂದೇ ತಿಂಗಳಿಗೆ ಇಳಿಸಬಹುದು. ನಮ್ಮ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿಯೂ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿಯೇ ಚಿಕಿತ್ಸೆಗೆ ಮುಂದೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ನಮ್ಮ ಊರೂರಿನಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಕುಡಿತ ಬಿಟ್ಟ ಅಪ್ಪನಿಗೆ ಹಾರ ಹಾಕಿ ಮನೆಗೆ ಕರೆದುಕೊಂಡು ಹೋಗುತ್ತೇವೆ. ಅದು ಸರಿ. ಅದೇ ಮನೆಯ ಮಗ ಒಂದು ಸಲ ಎಡವಿದರೆ ಟಿಸಿ ಕೈಗೆ ಕೊಟ್ಟು ಗೇಟು ಹಾಕುವುದು ಯಾವ ನ್ಯಾಯ?

ಪಿಯುಸಿ ಮಕ್ಕಳ ಮಟ್ಟಿಗೆ ಇನ್ನೊಂದು ನಿಯಮ ತಿಳಿದಿರಲಿ. 18 ತುಂಬದವರು ಸಿಕ್ಕಿಬಿದ್ದರೆ ಅವರ ಸುತ್ತ ಇರುವ ತರಬೇತುದಾರರ ಮೇಲೆ ತನಿಖೆ ಆಗಲೇಬೇಕು. ಹಿರಿಯರಿಗೂ ನಿಷೇಧ ಉಂಟು. ಈ ಮಾತನ್ನು ಯಾವ ವೇದಿಕೆಯಲ್ಲಿಯೂ ನಾನು ಕೇಳಿಲ್ಲ.

ಹಾಗಾಗಿ ಆಡಳಿತ ಮಂಡಳಿಯವರೇ, ಮುಂದಿನ ಉದ್ಘಾಟನೆಗೆ ಮೊದಲು ನಿಮ್ಮ ಕಾಲೇಜಿನಲ್ಲಿ ಆ ನಿಷೇಧಿತ ಪಟ್ಟಿಯನ್ನು ಪೂರ್ತಿ ಓದಿದ ಒಬ್ಬರ ಹೆಸರು ಹೇಳಿ. ಒಬ್ಬರದು ಸಾಕು. ಹೇಳಲಾಗದಿದ್ದರೆ ಮೈಕು ಕೆಳಗಿಟ್ಟು, ಮಕ್ಕಳಿಂದ ತೆಗೆದುಕೊಂಡ ಕ್ರೀಡಾ ಶುಲ್ಕ ಹಿಂದೆ ಕೊಡಿ.