ಠಾಣೆಯಲ್ಲಿರುವ ಅಪ್ಪನ ಬಂದೂಕು

ಗುಡ್ಡಸೀಮೆಯ ಗೆಳೆಯರಲ್ಲಿ ಒಂದು ಅರಿಕೆ. ನಿಮ್ಮಲ್ಲಿ ಅದನ್ನು ಕೋವಿ ಎನ್ನುತ್ತೀರಿ, ನಮ್ಮ ಭಂಕೂರಿನ ಕಡೆ ಬಂದೂಕು ಎನ್ನುತ್ತಾರೆ. ಹೆಸರು ಯಾವುದಾದರೂ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಈಗ ನನ್ನ ಮುಂದೆ ಬಂದು ನಿಂತಿದೆ. ಅಪ್ಪ ತೀರಿಕೊಂಡ ಮೇಲೆ ಅವರ ಬೆಳೆರಕ್ಷಣೆಯ ಕೇಪಿನ ಬಂದೂಕನ್ನು ಕಾನೂನಿನಂತೆ ಪೊಲೀಸ್ ಠಾಣೆಯಲ್ಲಿ ಇರಿಸಿ ರಸೀದಿ ತಂದಿದ್ದೇನೆ. ವಾರಸುದಾರನಾಗಿ ನಾನು ಹೊಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು, ಇಲ್ಲವೇ ಅದನ್ನು ಬಿಟ್ಟುಕೊಡಬೇಕು. ಇದೇ ಹೊತ್ತಿಗೆ ನಮ್ಮ ಓಣಿಯಲ್ಲಿ ಎರಡು ಮನೆಗಳಿಗೆ ಕನ್ನ ಬಿದ್ದಿತು. ಅಂದಿನಿಂದ ಕಟ್ಟೆಯ ಮೇಲೆ ಬೇರೆ ಮಾತೇ ಇಲ್ಲ. "ನಿಮ್ಮಪ್ಪಾರ ಬಂದೂಕ ಬಿಡಿಸಿಕೊಂಡು ಬರ್ರೀ ಮಾಸ್ತರ್ರ, ಒಂದ್ ಮನ್ಯಾಗ ಅದ ಅಂದ್ರ ಓಣಿಗೆಲ್ಲಾ ಧೈರ್ಯ" ಎಂದು ಹಿರಿಯರೊಬ್ಬರು ಹೇಳಿದರು. ಕಿರಿಯರು ಇನ್ನೂ ಮುಂದೆ ಹೋಗಿ, ಯಾವ ಆಯುಧ ಒಳ್ಳೆಯದು, ಯಾವುದಕ್ಕೆ ಎಷ್ಟು ಬೆಲೆ ಎಂದು ಲೆಕ್ಕ ಹಾಕುತ್ತಿದ್ದಾರೆ.

ಆ ಲೆಕ್ಕವನ್ನೇ ಮೊದಲು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಸಾಮಾನ್ಯ ನಾಗರಿಕನಿಗೆ ಎರಡು ದಾರಿಗಳನ್ನು ತುಸು ಸುಗಮವಾಗಿಸಿದೆ. ರಕ್ಷಣೆಗೋ ಕ್ರೀಡೆಗೋ ಕನಿಷ್ಠ 20 ಅಂಗುಲ ಉದ್ದದ ನಳಿಗೆಯುಳ್ಳ, ಒಳಮೈ ನುಣುಪಾದ ಬಂದೂಕು ಒಂದು. ನಿಜವಾದ ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಬಂದೂಕು ಇನ್ನೊಂದು. ರೈತನ ಕೈಗೆ ಸಾಮಾನ್ಯವಾಗಿ ಬರುವುದು ಎರಡನೆಯದು. ನಳಿಗೆಗೆ ಮದ್ದು ಸುರಿದು, ಮೇಲೆ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಕೂರಿಸಬೇಕು. ಹಂದಿಯ ಹಿಂಡನ್ನು ಕಾಯುತ್ತ ತೊಗರಿ ಹೊಲದ ಮಂಚಿಕೆಯ ಮೇಲೆ ಕೂತವನಿಗೆ ಇಷ್ಟೆಲ್ಲ ಮಾಡಲು ಸಂಜೆಯಿಡೀ ಸಮಯವಿದೆ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವನಿಗೆ ಇಲ್ಲ. ಸಿಡಿದ ಮೇಲೂ ಒಂದೇ ಗುಂಡು. ಮತ್ತೊಂದಕ್ಕೆ ಮೊದಲಿನಿಂದ ಎಲ್ಲವೂ ಆಗಬೇಕು. ಹೀಗೆ, ರೈತನಿಗೆ ಸುಲಭವಾಗಿ ದಕ್ಕುವ ಆಯುಧವೇ ಮನೆಗೆ ನುಗ್ಗಿದ ಕಳ್ಳನೆದುರು ಎಲ್ಲಕ್ಕಿಂತ ನಿರುಪಯೋಗಿ.

ಹಾಗಾದರೆ ತೋಟಾ ಹಾಕುವ ಎರಡು ನಳಿಗೆಯ ಹನ್ನೆರಡು ಬೋರಿನ ಬಂದೂಕು? ಅಥವಾ ರಿವಾಲ್ವರು? 2014ರಲ್ಲಿ ಕಾನಪುರದ ಸರಕಾರಿ ಕಾರ್ಖಾನೆಯು ಮಹಿಳೆಯರ ಆತ್ಮರಕ್ಷಣೆಗೆಂದು 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ ರಿವಾಲ್ವರನ್ನು ಹೊರತಂದಾಗ ಅದರ ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲಿತ್ತು. ಕಲ್ಲುಗಣಿಯಲ್ಲಿ ಫರಸಿ ಎತ್ತುವ ಯಾವ ಹೆಣ್ಣುಮಗಳ ರಕ್ಷಣೆಯನ್ನು ಅವರು ಮನಸ್ಸಿನಲ್ಲಿಟ್ಟಿದ್ದರೋ ತಿಳಿಯದು. ಹಣದ ಮಾತು ಬಿಡೋಣ. ನಮ್ಮ ಮನೆಗಳನ್ನು ನೋಡಿ. ಗೋಡೆ ಕಲ್ಲು, ನೆಲ ಕಲ್ಲು, ಎಷ್ಟೋ ಕಡೆ ಮಾಡೂ ಫರಸಿಯದೇ. ಶಹಾಬಾದಿ ಕಲ್ಲಿನ ಇಕ್ಕಟ್ಟಾದ ಕೋಣೆಯಲ್ಲಿ ಹಾರಿದ ಗುಂಡಾಗಲಿ ಚರೆಯಾಗಲಿ ಗುರಿ ತಪ್ಪಿದರೆ ಗೋಡೆಯಲ್ಲಿ ಹೂತು ಸುಮ್ಮನಾಗುವುದಿಲ್ಲ. ಬಡಿದು ಎತ್ತಲೋ ಪುಟಿಯುತ್ತದೆ. ಅದೇ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಹೊರನಾಡಿನ ಮರದ ಮನೆಗಳಿಗಾಗಿ ಬರೆದ ಸಲಹೆಗಳನ್ನು ಓದಿಕೊಂಡು ಆಯುಧ ಆರಿಸುವವರು ಇದನ್ನು ಯೋಚಿಸಿರಲಾರರು.

ಇನ್ನು ಸಿದ್ಧತೆಯ ಪ್ರಶ್ನೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನೂ ಆಯುಧವನ್ನು ಭದ್ರವಾಗಿ ಇರಿಸುವ ಹೊಣೆಯನ್ನೂ ವಿಧಿಸಿವೆ. ಬಂದೂಕು ಖಾಲಿಯಿರಬೇಕು, ಬೀಗದೊಳಗಿರಬೇಕು, ತೋಟಾ ಬೇರೆ ಕಡೆ ಇರಬೇಕು ಎಂಬುದು ಬಲ್ಲವರೆಲ್ಲ ಒಪ್ಪುವ ಮಾತು. ಈ ಶಿಸ್ತು ಪಾಲಿಸಿದವನಿಗೆ ಕಳ್ಳ ಬಂದಾಗ ಎರಡು ಬೀಗದ ಕೈ ಹುಡುಕಬೇಕಾಗುತ್ತದೆ. ಪಾಲಿಸದೆ ತುಂಬಿದ ಬಂದೂಕನ್ನು ದಿಂಬಿನ ಪಕ್ಕ ಇಟ್ಟವನು ವರುಷದ 365 ರಾತ್ರಿಯೂ ತನ್ನ ಮಕ್ಕಳ ನಡುವೆ ಅಪಾಯವೊಂದನ್ನು ಮಲಗಿಸಿಕೊಂಡಿರುತ್ತಾನೆ. ಇವೆರಡರ ನಡುವೆ ಮೂರನೆಯ ದಾರಿ ಇದೆಯೆಂದು ಹೇಳುವವರ ಮಾತನ್ನು ಕೇಳಿದ್ದೇನೆ, ನಂಬಲು ಆಗಿಲ್ಲ.

ಏಕೆ ಆಗಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲೇ ಕಾರಣವಿದೆ. ಅಣ್ಣ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ ದಿನಗಳವು. ಮಳೆಗಾಲದ ಒಂದು ರಾತ್ರಿ ಅವನ ಪಾಳಿ ಅರ್ಧಕ್ಕೇ ಮುಗಿದಿತ್ತು. ಮನೆಯವರನ್ನು ಎಬ್ಬಿಸಬಾರದೆಂದು ಹಿತ್ತಲ ಗೋಡೆ ಹಾರಿ ಬಂದ. ಅದೇ ವಾರ ಪಕ್ಕದ ಓಣಿಯಲ್ಲಿ ಎತ್ತು ಕಳವಾಗಿದ್ದರಿಂದ ಅಪ್ಪ ಬಂದೂಕು ತುಂಬಿಟ್ಟುಕೊಂಡೇ ಮಲಗಿದ್ದರು. ಸಪ್ಪಳಕ್ಕೆ ಎದ್ದರು, ಯಾರೆಂದು ಒಮ್ಮೆ ಕೂಗಿದರು, ಮಳೆಯ ಸದ್ದಿನಲ್ಲಿ ಅಣ್ಣನ ಉತ್ತರ ಕೇಳಿಸಲಿಲ್ಲ, ಕುದುರೆ ಎಳೆದೇಬಿಟ್ಟರು. ಕೇಪು ತೇವಕ್ಕೆ ಹಸಿಯಾಗಿತ್ತು. 'ಟಕ್' ಎಂದು ಒಂದು ಶಬ್ದವಾಯಿತು, ಅಷ್ಟೆ. ಅಪ್ಪ ಬೆಳಗಿನವರೆಗೂ ಪಡಸಾಲೆಯಲ್ಲಿ ಕೂತೇ ಇದ್ದರು, ಅವ್ವ ಕೊಟ್ಟ ಚಹಾ ಮುಟ್ಟಲಿಲ್ಲ. ಅಂದಿನಿಂದ ಅವರು ಮನೆಯಲ್ಲಿ ಬಂದೂಕು ತುಂಬಿದ್ದನ್ನು ನಾನು ನೋಡಲಿಲ್ಲ. ಆದರೂ ಅದನ್ನು ಮಾರಲಿಲ್ಲ. ಪ್ರತಿ ಸಲ ಪರವಾನಗಿ ನವೀಕರಿಸುತ್ತಲೇ ಬಂದರು.

ಮಾರದಿರಲು ಅವರಿಗೆ ಕಾರಣಗಳಿದ್ದವು, ಅವನ್ನು ಹಗುರವಾಗಿ ಕಾಣಲಾಗದು. ಈ ದೇಶದಲ್ಲಿ ಜನರ ಕೈಯಿಂದ ಆಯುಧ ಕಸಿದ ಕಾಯಿದೆ ಬಂದದ್ದು ಜನರ ಹಿತಕ್ಕಾಗಿ ಅಲ್ಲ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣ ಕಾಯಿದೆ ಹೊರಡಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಅವರ ಮೇಲೆ ಕಟ್ಟಿದ ಲಾವಣಿಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಬದುಕಿವೆ. ಆದರೆ 1861ರಲ್ಲಿ ಅದೇ ಸರಕಾರ ಕೊಡವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. ಸ್ವತಂತ್ರ ಭಾರತವೂ ಆ ವಿನಾಯಿತಿಯನ್ನು ಮುಂದುವರಿಸಿ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಸಲ್ಲುತ್ತದೆ. ಅಲ್ಲಿ ಅದು ಸಂಸ್ಕೃತಿಯ ಭಾಗ. ಆ ಗೌರವದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮನೆಮನೆಯಲ್ಲಿ ಕೋವಿಯಿದ್ದೂ ಕಾಫಿ ತೋಟಗಳಲ್ಲಿ ಆನೆಯ ತುಳಿತಕ್ಕೆ ಕೂಲಿಯವರು ಸಾಯುವುದು ನಿಂತಿಲ್ಲ ಎಂಬುದನ್ನು ಕೊಡಗಿನ ಓದುಗರೇ ನನಗಿಂತ ಚೆನ್ನಾಗಿ ಬಲ್ಲರು.

ಅಪ್ಪನ ಎರಡನೆಯ ಕಾರಣ ನಮ್ಮದೇ ನೆಲದ್ದು. 1947-48ರಲ್ಲಿ ನಿಜಾಮನ ಸಂಸ್ಥಾನದಲ್ಲಿ ರಜಾಕಾರರ ಹಾವಳಿಯ ಕಾಲ. ಹಳ್ಳಿಗಳು ಭಯದಲ್ಲಿ ರಾತ್ರಿ ಕಳೆದವು. ಬೀದರಿನ ಗೋರ್ಟಾದಲ್ಲಿ ಹತ್ಯಾಕಾಂಡವೇ ನಡೆಯಿತು. ಆಗ ಒಂದು ಬಂದೂಕಿದ್ದಿದ್ದರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸಹಜ. ಆದರೆ ಕಥೆಯ ಉಳಿದರ್ಧವನ್ನು ಅವರು ಮೆಲುದನಿಯಲ್ಲಿ ಹೇಳುತ್ತಿದ್ದರು, ಇಲ್ಲವೇ ಹೇಳುತ್ತಲೇ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, ರಜಾಕಾರರಿಗೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಮುಸಲ್ಮಾನರು ಕೊಲೆಯಾದರು. ಸುಂದರಲಾಲ ಸಮಿತಿಯ ಅಂದಾಜಿನಂತೆ ಸತ್ತವರು 27ರಿಂದ 40 ಸಾವಿರ. ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಒಂದು. ಆ ವರದಿ ದಶಕಗಳ ಕಾಲ ಬೆಳಕನ್ನೇ ಕಾಣಲಿಲ್ಲ. ನೆರೆಯವನಿಂದ ಕಾಪಾಡಿಕೊಳ್ಳಲೆಂದು ಹಿಡಿದ ಆಯುಧ ಹಂಗಾಮು ಬದಲಾದೊಡನೆ ನೆರೆಯವನ ಮೇಲೆಯೇ ತಿರುಗಬಲ್ಲದು. ನಮ್ಮ ಓಣಿಯಲ್ಲಿ ಇಂದಿಗೂ ಎರಡೂ ಸಮುದಾಯದವರ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಮನೆಗೆ ಬಂದೂಕು ಬಂದರೆ ಮರುವರ್ಷ ಪಕ್ಕದ ಮನೆಗೂ ಬರುತ್ತದೆ; ಆ ಪಕ್ಕದ ಮನೆಯನ್ನು ನೋಡಿ ಮೂರನೆಯದಕ್ಕೆ. ಪರವಾನಗಿ ಸಿಗದವನು ಭೀಮಾತೀರದ ಕಂಟ್ರಿ ಪಿಸ್ತೂಲು ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾನೆ.

ಇಷ್ಟೆಲ್ಲ ಆದ ಮೇಲೂ, ಮಲೆನಾಡಿನ ಒಂಟಿಮನೆಯವರ ವಾದ ಉಳಿಯುತ್ತದೆ. ಹತ್ತಿರದ ಠಾಣೆ ಇಪ್ಪತ್ತು ಮೈಲಿ ದೂರ, ಮೊಬೈಲಿಗೆ ಸಿಗ್ನಲ್ಲಿಲ್ಲ, ಮಳೆಗಾಲದಲ್ಲಿ ರಸ್ತೆಯೇ ಇಲ್ಲ. 112ಕ್ಕೆ ಕರೆ ಮಾಡೆಂದು ಅವರಿಗೆ ಹೇಳುವುದು ಅಪಹಾಸ್ಯ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ, ಮಂಗ ಹಂದಿಗಳಿಗೆ ತೋಟ ಬಿಟ್ಟುಕೊಡಬೇಕಾದ ಬೆಳೆಗಾರರ ಸಿಟ್ಟೂ ನ್ಯಾಯವಾದದ್ದೇ. ಅವರಿಗೆ ಬಂದೂಕು ಬಿಡಿ ಎಂದು ಭಂಕೂರಿನಲ್ಲಿ ಕೂತು ಉಪದೇಶಿಸುವ ಅಧಿಕಾರ ನನಗಿಲ್ಲ. ಒಂದೇ ವಿನಂತಿ: ಹೊಲಕ್ಕೆಂದು ಪಡೆದ ಕೋವಿಯನ್ನು ಹಾಸಿಗೆಯ ಪಕ್ಕಕ್ಕೆ ತರಬೇಡಿ. ಹಂದಿಯೆಂದು ತಿಳಿದು ಮನುಷ್ಯನಿಗೆ ಹಾರಿದ ಗುಂಡಿನ ಸುದ್ದಿ ನಿಮ್ಮ ಸೀಮೆಯ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಕತ್ತಲಲ್ಲಿ ಸಪ್ಪಳಕ್ಕೆ ಗುಂಡು ಹಾರಿಸುವ ರೂಢಿ ಮನೆಯೊಳಗೂ ಬಂದರೆ ಗತಿಯೇನು? (ಇನ್ನೊಂದು ಮಾತು, ಪರಿಸರದ ಪತ್ರಿಕೆಯಾದ್ದರಿಂದ: ಗದ್ದೆ ಕೆರೆಗಳಲ್ಲಿ ಉಳಿಯುವ ಸೀಸದ ಚರೆಯನ್ನು ನೀರುಹಕ್ಕಿಗಳು ಹರಳೆಂದು ನುಂಗಿ ಸಾಯುತ್ತವೆ. ಈ ಕಾರಣಕ್ಕೆ ಯುರೋಪಿನ ಒಕ್ಕೂಟ 2023ರಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿದೆ. ನಮ್ಮಲ್ಲಿ ಈ ಚರ್ಚೆಯೇ ಶುರುವಾದಂತಿಲ್ಲ.)

ಬಂದೂಕು ಮನೆಯಲ್ಲಿದ್ದರೆ ಸಾಯುವವರು ಯಾರು ಎಂಬುದನ್ನು ಅಮೆರಿಕೆಯಲ್ಲಿ ಎಣಿಸಿ ನೋಡಿದ್ದಾರೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಮನೆಯಲ್ಲಿ ಬಂದೂಕಿರುವವರು ಮನೆಯೊಳಗೇ ಕೊಲೆಯಾಗುವ ಸಂಭವ ಇಲ್ಲದವರಿಗಿಂತ ಸುಮಾರು 2.7 ಪಟ್ಟು ಹೆಚ್ಚು. ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರ ದಾಖಲೆಗಳನ್ನು ಆಧರಿಸಿದ 2020ರ ಅಧ್ಯಯನ ಇನ್ನೂ ಕಳವಳದ್ದು: ಕೈಬಂದೂಕು ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಹೊಂದದವರ ಎಂಟು ಪಟ್ಟು, ಹೆಂಗಸರದು ಮೂವತ್ತೈದು ಪಟ್ಟು. ಅದು ಬೇರೆ ದೇಶ, ಬೇರೆ ಬದುಕು ಎಂದು ಹೇಳಬಹುದು. ಆದರೆ ತೊಗರಿ ಕೈಕೊಟ್ಟ ವರ್ಷ ನಮ್ಮ ಜಿಲ್ಲೆಯ ರೈತನೊಬ್ಬ ಸಾಲಗಾರನ ಮುಖ ನೋಡಲಾರದೆ ಮನೆಗೆ ಬಂದಾಗ ಅವನ ಕೈಗೆ ಸಿಗುವುದು ಕ್ರಿಮಿನಾಶಕದ ಡಬ್ಬಿ. ಅದರ ಪಕ್ಕದಲ್ಲಿ ಬಂದೂಕನ್ನೂ ನಾವೇ ಇಡಬೇಕೇ? ವಿಷ ಕುಡಿದವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಲು ಒಂದಷ್ಟು ಹೊತ್ತಾದರೂ ಇರುತ್ತದೆ.

ಕಾನೂನಿನ ಮಾತೂ ಕಟ್ಟೆಯ ಮೇಲೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಾತ್ರಿ ಮನೆಗೆ ಕನ್ನ ಹಾಕಿದವನ ವಿರುದ್ಧ ಆ ಹಕ್ಕು ಪ್ರಾಣ ತೆಗೆಯುವ ಮಟ್ಟಕ್ಕೂ ಹೋಗಬಲ್ಲದು, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕನ್ನ ಹಾಕಿದವನು ಮನೆಯಿಂದ ಹೊರಬಿದ್ದ ಮೇಲೆ ಲೆಕ್ಕ ಬದಲಾಗುತ್ತದೆ. ಗೋಡೆ ಹಾರಿ ಓಡುವವನ ಬೆನ್ನಿಗೆ ಹೊಡೆದು, ಅದು ಆತ್ಮರಕ್ಷಣೆಯಾಗಿತ್ತೆಂದು ಸಾಬೀತುಪಡಿಸಲು ಕೋರ್ಟಿಗೆ ಅಲೆಯುವುದು ಬಡವನ ಕೈಲಾಗುವ ಕೆಲಸವಲ್ಲ. ಕೊಲ್ಲಲೆಂದೇ ಬರುವವರ ಮುಂದಂತೂ ಬಂದೂಕು ನಿಷ್ಪ್ರಯೋಜಕ: ಡಾ. ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯಲ್ಲೇ, ಮನೆಗೆ ಬಂದವರಿಂದ ಕೊಲೆಯಾದರು. ಸಮಯ ಆರಿಸುವವನು ಯಾವಾಗಲೂ ಎದುರಾಳಿ.

ಕಟ್ಟೆಯ ಸಭೆಯಲ್ಲಿ ನಾನು ಇಷ್ಟನ್ನೆಲ್ಲ ಹೇಳಲಿಲ್ಲ, ಹೇಳಿದ್ದರೆ ಎದ್ದು ಹೋಗುತ್ತಿದ್ದರು. ಅಣ್ಣನ ಕಥೆ ಮಾತ್ರ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೆಟ್ಟು ನಿಂತ ಬೀದಿದೀಪಗಳ ಪಟ್ಟಿ ಮಾಡಿ ಪಂಚಾಯತಿಗೆ ಕೊಡುವುದೆಂದೂ, ಬಾಗಿಲಿಗೆ ಗಟ್ಟಿ ಅಗಳಿ ಹಾಕಿಸಿಕೊಳ್ಳುವುದೆಂದೂ, ಎರಡೂ ಸಮುದಾಯದ ಹುಡುಗರು ಸೇರಿ ಸರದಿಯ ಮೇಲೆ ರಾತ್ರಿ ಗಸ್ತು ತಿರುಗುವುದೆಂದೂ ಮಾತಾಯಿತು. ಪಾಳಿಯಿಂದ ಮರಳುವವರು ಓಣಿಯ ಬಾಯಲ್ಲಿ ನಿಂತು ಹೆಸರು ಕೂಗಿ ಬರಬೇಕೆಂದು ಗಸ್ತಿನವರೇ ಕಟ್ಟಲೆ ಮಾಡಿದ್ದಾರೆ. ಹಿರಿಯರಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. "ದೀಪ ಹಚ್ಚಿದ್ರ ಕಳ್ಳಗೂ ದಾರಿ ಕಾಣ್ತದಲ್ರೀ" ಎಂದು ನಗುತ್ತಾರೆ.

ನಾನು ವಾರಸಿನ ಅರ್ಜಿ ಹಾಕುತ್ತಿಲ್ಲ. ಬಂದೂಕನ್ನು ಬಿಟ್ಟುಕೊಡುವ ಪತ್ರ ಬರೆದಿಟ್ಟಿದ್ದೇನೆ, ಅಣ್ಣನ ಸಹಿಯೂ ಆಗಿದೆ. ಮೊನ್ನೆ ಅಟ್ಟ ಗುಡಿಸುವಾಗ ಅಪ್ಪನ ಕೇಪಿನ ತಗಡಿನ ಡಬ್ಬಿ ಸಿಕ್ಕಿತು, ಇನ್ನೂ ಹತ್ತೆಂಟು ಉಳಿದಿವೆ. ಸೋಮವಾರ ಠಾಣೆಗೆ ಹೋಗುವಾಗ ಅದನ್ನೂ ಒಯ್ದು ಒಪ್ಪಿಸಬೇಕು.