ಯುವಜನರೊಂದಿಗೆ: ಕ್ಯಾಸೆಟ್ಟಿನೊಳಗಿನ ಮಾತು ಕಂಪ್ಯೂಟರಿಗೆ ಬರಲಿ



ನಿಮ್ಮ ಮನೆಯ ಅಟ್ಟದ ಮೇಲೋ, ಕಪಾಟಿನ ತಳದಲ್ಲೋ ಹಳೆಯ ವಿಡಿಯೋ ಕ್ಯಾಮೆರಾ ಒಂದು ಇದ್ದೀತು. ಅದರ ಜೊತೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಏಳೆಂಟು ಕ್ಯಾಸೆಟ್ಟುಗಳು. ಮೇಲೆ ಅಪ್ಪನ ಅಕ್ಷರದಲ್ಲಿ ‘ನಾಮಕರಣ’, ‘ಊರಿನ ಜಾತ್ರೆ’, ‘ಅಜ್ಜಿ ಮುಂಬಯಿಗೆ ಬಂದಾಗ’ ಎಂದೆಲ್ಲ ಬರೆದಿರುತ್ತದೆ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಚಿತ್ರ ಕತ್ತರಿಸಿ ಜೋಡಿಸುವ ನಿಮಗೆ, ಈ ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ತರುವುದು ಮಾತ್ರ ಕಬ್ಬಿಣದ ಕಡಲೆ. ಎರಡು ಸಲ ತಂತಿ ಸಿಕ್ಕಿಸಿ, ಏನೂ ಕಾಣದೆ, ‘ಇದು ಹಾಳಾಗಿದೆ’ ಎಂದು ಮತ್ತೆ ಅಟ್ಟಕ್ಕೆ ಏರಿಸಿದವರು ನಿಮ್ಮಲ್ಲಿ ಹಲವರಿರಬಹುದು. ಹೆಚ್ಚಿನ ಸಲ ಅದು ಹಾಳಾಗಿರುವುದಿಲ್ಲ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಿಸುವುದು ಹೇಗೆ ಎಂಬುದೇ ಈ ಸಲದ ವಿಚಾರ.

ಅವಸರವೇಕೆ ಎನ್ನುತ್ತೀರಾ? ಟೇಪಿಗೂ ವಯಸ್ಸಾಗುತ್ತದೆ, ಅದನ್ನು ಓದುವ ಯಂತ್ರಕ್ಕೂ ವಯಸ್ಸಾಗುತ್ತದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಅದನ್ನು ನಿಲ್ಲಿಸಿತು. ನಮ್ಮಲ್ಲಿ ಮಳೆಗಾಲದ ತೇವ ಬೇರೆ. ಇನ್ನು ಹತ್ತು ವರ್ಷ ಬಿಟ್ಟು ನೋಡೋಣ ಎಂದರೆ ಕ್ಯಾಸೆಟ್ಟು ಇದ್ದೀತು, ಓದುವ ಯಂತ್ರ ಸಿಗಲಿಕ್ಕಿಲ್ಲ.

ಮೊದಲು ಕ್ಯಾಸೆಟ್ಟಿನ ಜಾತಿ ತಿಳಿದುಕೊಳ್ಳಿ. 1995ರಲ್ಲಿ ಬಂದ ಡಿ.ವಿ. ಪದ್ಧತಿಯ ಚಿಕ್ಕ ಕ್ಯಾಸೆಟ್ಟಿಗೆ ಮಿನಿ ಡಿ.ವಿ. ಎಂದು ಹೆಸರು. 1999ರಲ್ಲಿ ಸೋನಿ ತಂದದ್ದು ಡಿಜಿಟಲ್ 8. ಇವೆರಡರಲ್ಲಿ ಚಿತ್ರ ಆಗಲೇ ಅಂಕಿಗಳ ರೂಪದಲ್ಲಿ ಇರುತ್ತದೆ; ನೀವು ಮಾಡಬೇಕಾದದ್ದು ಇದ್ದದ್ದನ್ನು ಇದ್ದಂತೆ ನಕಲು ಮಾಡುವುದಷ್ಟೇ. ಅದಕ್ಕೂ ಹಿಂದಿನ ವಿಡಿಯೋ 8, ಹೈ 8, ವಿ.ಎಚ್.ಎಸ್. ಕ್ಯಾಸೆಟ್ಟುಗಳು ಅನಲಾಗ್. ಅವನ್ನು ಅಂಕಿಗಳಾಗಿ ಪರಿವರ್ತಿಸಬೇಕು. ಅವುಗಳ ವಿಷಯ ಮುಂದೆ ಹೇಳುತ್ತೇನೆ.

ಕ್ಯಾಸೆಟ್ಟನ್ನು ಕ್ಯಾಮೆರಾಕ್ಕೆ ಹಾಕುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಟೇಪಿನ ಸುರುಳಿಯ ಮೇಲೆ ಬಿಳಿಯ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅಂಥದ್ದನ್ನು ಓಡಿಸಬೇಡಿ, ಕ್ಯಾಮೆರಾದ ಹೆಡ್ಡೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಅದನ್ನು ತಿಳಿದವರ ಕೈಗೆ ಕೊಡಿ. ಶುಭ್ರವಾಗಿದ್ದರೆ, ಬೆನ್ನಿನಲ್ಲಿರುವ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ. ಆಮೇಲೆ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅಜ್ಜಿಯ ಮೇಲೆ ನಿಮ್ಮ ಕೋಣೆಯ ಗೋಡೆ ಮುದ್ರಣವಾಗುವುದಿಲ್ಲ. ಒಂದು ಸಲ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಬಹುಕಾಲ ಸುಮ್ಮನಿದ್ದ ಟೇಪು ಸಡಿಲವಾಗಲು ಇದು ಬೇಕು. ಎ.ಸಿ. ಕೋಣೆಯಿಂದ ತಂದ ಕ್ಯಾಮೆರಾ ನೀರ ಹನಿಯ ಗುರುತು ತೋರಿಸಿದರೆ ಒಳಗೆ ತೇವ ಕಟ್ಟಿದೆ ಎಂದರ್ಥ. ಒಂದು ಗಂಟೆ ಹಾಗೇ ಬಿಡಿ.

ಈಗ ಬಹುಪಾಲು ಜನ ಎಡವುವ ಜಾಗಕ್ಕೆ ಬರೋಣ. ಮಿನಿ ಡಿ.ವಿ. ಕ್ಯಾಮೆರಾದಲ್ಲಿ ಯು.ಎಸ್.ಬಿ. ಕಿಂಡಿ ಕಂಡ ಕೂಡಲೇ ನೀವು ಅದಕ್ಕೇ ತಂತಿ ಸಿಕ್ಕಿಸುತ್ತೀರಿ. ಹಲವು ಕ್ಯಾಮೆರಾಗಳಲ್ಲಿ ಆ ಕಿಂಡಿ ಇರುವುದು ಕಾರ್ಡಿನಲ್ಲಿರುವ ಸ್ಥಿರಚಿತ್ರಗಳಿಗೆ ಮಾತ್ರ. ಟೇಪಿನ ಚಿತ್ರ ಹೊರಬರುವ ಬಾಗಿಲು ಬೇರೆ. ಅದರ ಹೆಸರು ಫೈರ್‌ವೈರ್, ಸೋನಿಯವರು ಐ.ಲಿಂಕ್ ಎನ್ನುತ್ತಾರೆ, ಕೆಲವು ಕ್ಯಾಮೆರಾಗಳ ಮೇಲೆ ಬರೀ ‘ಡಿ.ವಿ.’ ಎಂದಿರುತ್ತದೆ. ಕ್ಯಾಮೆರಾದ ಕಡೆ ಸಾಮಾನ್ಯವಾಗಿ ನಾಲ್ಕು ಪಿನ್ನಿನ ಸಣ್ಣ ಕಿಂಡಿ, ಕಂಪ್ಯೂಟರಿನ ಕಡೆ ನಾಲ್ಕು, ಆರು ಅಥವಾ ಒಂಬತ್ತು ಪಿನ್ನಿನದು. ಎರಡೂ ತುದಿ ನೋಡಿಕೊಂಡು ಕೇಬಲ್ಲು ಕೊಳ್ಳಿ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಈ ಕಿಂಡಿ ಇರುವುದಿಲ್ಲ. ಆಗ ಅಂಗಡಿಯವ ‘ಒಂದು ಕಡೆ ಫೈರ್‌ವೈರ್, ಇನ್ನೊಂದು ಕಡೆ ಯು.ಎಸ್.ಬಿ.’ ಇರುವ ಅಗ್ಗದ ತಂತಿ ತೋರಿಸಿದರೆ ಮರುಳಾಗಬೇಡಿ. ಎರಡೂ ಬೇರೆ ಬೇರೆ ಭಾಷೆ ಆಡುವ ಪದ್ಧತಿಗಳು. ಬರೀ ತಂತಿ ದುಭಾಷಿಯಾಗಲಾರದು. ದಾರಿ ಎರಡು: ಮೇಜಿನ ಕಂಪ್ಯೂಟರಿದ್ದರೆ ಅದಕ್ಕೊಂದು ಫೈರ್‌ವೈರ್ ಕಾರ್ಡು ಹಾಕಿಸುವುದು, ಇಲ್ಲವೇ ಆ ಕಿಂಡಿ ಇರುವ ಹಳೆಯ ಕಂಪ್ಯೂಟರು ಹುಡುಕುವುದು. ನೆಂಟರ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಲ್ಯಾಪ್‌ಟಾಪಿಗೆ ಈಗ ಬೆಲೆ ಬರುತ್ತದೆ.

ಜೋಡಿಸುವ ಕ್ರಮವೂ ಮುಖ್ಯ. ಬ್ಯಾಟರಿ ನಂಬದೆ ಕ್ಯಾಮೆರಾಕ್ಕೆ ಮನೆಯ ವಿದ್ಯುತ್ತು ಕೊಡಿ. ಕ್ಯಾಮೆರಾ ಆರಿಸಿಟ್ಟು ತಂತಿ ಸಿಕ್ಕಿಸಿ, ಆಮೇಲೆ ಚಾಲೂ ಮಾಡಿ. ಗುಂಡಿ ‘ಕ್ಯಾಮೆರಾ’ ಕಡೆಗಲ್ಲ, ‘ವಿ.ಸಿ.ಆರ್.’ ಅಥವಾ ‘ಪ್ಲೇ’ ಕಡೆಗಿರಲಿ. ಇಷ್ಟಾದರೂ ವಿಂಡೋಸ್ ಕ್ಯಾಮೆರಾವನ್ನು ಗುರುತಿಸದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ 1394 ನಿಯಂತ್ರಕದ ಡ್ರೈವರನ್ನು ‘ಲೆಗಸಿ’ ಎಂಬ ಹಳೆಯದಕ್ಕೆ ಬದಲಿಸಿ ನೋಡಿ. ವಿಂಡೋಸ್ 7ರಲ್ಲಿ ಅದು ಪಟ್ಟಿಯಲ್ಲೇ ಇದೆ. 8 ಮತ್ತು 10ಕ್ಕೆ ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಒದಗಿಸಿತು. ಎಷ್ಟೋ ಸಲ ಬೀಗ ತೆರೆಯುವುದು ಇಲ್ಲೇ. ಇಳಿಸಿಕೊಳ್ಳಲು ವಿಂಡೋಸಿಗೆ ವಿನ್‌ಡಿವಿ, ಲಿನಕ್ಸಿಗೆ ಡಿವಿಗ್ರ್ಯಾಬ್ ಎಂಬ ಉಚಿತ ತಂತ್ರಾಂಶಗಳು ಸಾಕು.

ಜಾಗದ ಲೆಕ್ಕ ಹೀಗೆ: ಒಂದು ಗಂಟೆಯ ಡಿ.ವಿ. ಟೇಪು ಸುಮಾರು 13 ಜಿ.ಬಿ. ಆಗುತ್ತದೆ. ಪ್ರತಿ ಸಲವೂ ಸುಮಾರು ಇಪ್ಪತ್ತನೆಯ ನಿಮಿಷಕ್ಕೆ ನಿಂತುಹೋಗುತ್ತಿದ್ದರೆ ಕ್ಯಾಸೆಟ್ಟನ್ನು ಬೈಯಬೇಡಿ. ನಿಮ್ಮ ಡಿಸ್ಕು ಫ್ಯಾಟ್ 32 ಪದ್ಧತಿಯದು. ಅದು 4 ಜಿ.ಬಿ.ಗಿಂತ ದೊಡ್ಡ ಫೈಲನ್ನು ಒಪ್ಪುವುದಿಲ್ಲ. ಎನ್.ಟಿ.ಎಫ್.ಎಸ್. ಡಿಸ್ಕಿಗೆ ಇಳಿಸಿ. ನಡುನಡುವೆ ಚಿತ್ರಗಳು ಬಿಟ್ಟುಹೋಗುತ್ತಿದ್ದರೆ ಉಳಿದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ.

ಇನ್ನು ಕೆಲವು ರೋಗಲಕ್ಷಣಗಳು. ಚಿತ್ರದಲ್ಲಿ ಚೌಕ ಚೌಕ ಕಲೆ ಕಂಡರೆ ಹೆಡ್ಡಿಗೆ ಕೊಳೆ ಹಿಡಿದಿರಬಹುದು. ಶುಚಿ ಮಾಡುವ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಷ್ಟೇ ಸೆಕೆಂಡು ಓಡಿಸಿ, ಹೆಚ್ಚು ಬೇಡ. ಎಲ್.ಪಿ. ವೇಗದಲ್ಲಿ ಮುದ್ರಿಸಿದ ಟೇಪಾದರೆ ಮುದ್ರಿಸಿದ ಕ್ಯಾಮೆರಾದಲ್ಲೇ ಓಡಿಸಿ ನೋಡಿ. ಬೇರೆಯವುಗಳಿಗೆ ಅದು ಒಗ್ಗದಿರುವುದುಂಟು. ತುಟಿ ಮೊದಲು, ಮಾತು ಆಮೇಲೆ ಆಗುತ್ತಿದ್ದರೆ 12 ಬಿಟ್ ಮತ್ತು 16 ಬಿಟ್ ಧ್ವನಿಗಳು ಒಂದೇ ಟೇಪಿನಲ್ಲಿ ಬೆರೆತಿರಬಹುದು. ಬದಲಾಗುವ ಜಾಗದಲ್ಲಿ ನಿಲ್ಲಿಸಿ, ಬೇರೆ ಫೈಲಾಗಿ ಇಳಿಸಿ. ಓಡಾಡುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅದು ದೋಷವಲ್ಲ. ಆ ಕಾಲದ ಚಿತ್ರ ಸಾಲು ಬಿಟ್ಟು ಸಾಲು ಬರುತ್ತಿತ್ತು. ಎಡಿಟಿಂಗಿನ ಕೊನೆಯಲ್ಲಿ ‘ಡಿಇಂಟರ್‌ಲೇಸ್’ ಮಾಡಿದರೆ ಹೋಗುತ್ತದೆ.

ಹೈ 8, ವಿಡಿಯೋ 8 ಇರುವವರಿಗೆ ಒಂದು ಉಪಾಯವಿದೆ. ಡಿಜಿಟಲ್ 8ರ ಹಲವು ಕ್ಯಾಮೆರಾಗಳು ಆ ಹಳೆಯ ಟೇಪುಗಳನ್ನೂ ಓದಿ, ಫೈರ್‌ವೈರಿನಲ್ಲೇ ಕಳಿಸಬಲ್ಲವು. ಅದು ಸಿಗದಿದ್ದರೆ ಹಳೆಯ ಕ್ಯಾಮೆರಾದ ಹಳದಿ, ಬಿಳಿ, ಕೆಂಪು ತಂತಿಗಳನ್ನು ಒಂದು ಯು.ಎಸ್.ಬಿ. ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿ. ವಿ.ಎಚ್.ಎಸ್. ಕ್ಯಾಸೆಟ್ಟಿಗೂ ವಿ.ಸಿ.ಆರ್.ನಿಂದ ಇದೇ ದಾರಿ. ಇಲ್ಲಿ ಯು.ಎಸ್.ಬಿ. ಸರಿ, ಏಕೆಂದರೆ ಪರಿವರ್ತನೆ ಆ ಸಾಧನದೊಳಗೇ ಆಗುತ್ತದೆ.

ಯಂತ್ರದ ಮಾತು ಇಷ್ಟು. ಇನ್ನು ಇದರ ಒಳಗಿನ ಮಾತು.

ಟೇಪಿಗೆ ಅಡ್ಡದಾರಿ ಇಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟು ಇಳಿಯಲು ಅರವತ್ತು ನಿಮಿಷವೇ ಬೇಕು. ‘ಅಯ್ಯೋ, ಸಮಯ ದಂಡ’ ಎನ್ನಬೇಡಿ. ಆ ಒಂದು ಗಂಟೆ ಅಮ್ಮನನ್ನೋ ಅಪ್ಪನನ್ನೋ, ಇದ್ದರೆ ಅಜ್ಜನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಯಲ್ಲೊಂದು ನೋಟ್‌ಬುಕ್ ಇರಲಿ. ‘ಈ ಕೆಂಪು ಸೀರೆಯವರು ಯಾರು? ಇದು ಯಾರ ಮನೆಯ ಅಂಗಳ? ಅಜ್ಜಿ ಈಗ ಹೇಳಿದ ಮಾತಿನ ಅರ್ಥವೇನು?’ ಎಂದು ಕೇಳಿ, ನಿಮಿಷದ ಲೆಕ್ಕ ಹಾಕಿ ಬರೆದುಕೊಳ್ಳಿ. ಕನ್ನಡ ಬರೆಯಲು ತಡವರಿಸುವವರು ಬರುವಷ್ಟರಲ್ಲಿ ಬರೆಯಿರಿ, ತಪ್ಪೇನೂ ಇಲ್ಲ. ಕೇಬಲ್ಲು, ಡ್ರೈವರು ಅವರಿಗೆ ತಿಳಿಯದು. ಆ ಮುಖಗಳ ಹೆಸರು ನಿಮಗೆ ತಿಳಿಯದು. ಎರಡು ತಲೆಮಾರು ಕೂಡಿದರೆ ಮಾತ್ರ ಈ ಕೆಲಸ ಪೂರ್ತಿಯಾಗುವುದು. ಹೆಸರು ಹೇಳುವವರು ಇಲ್ಲವಾದ ಮೇಲೆ ಎಷ್ಟೇ ಸ್ಪಷ್ಟವಾದ ಚಿತ್ರವೂ ಅಪರಿಚಿತರ ಚಿತ್ರವೇ.

ಎಡಿಟಿಂಗಿಗೆ ಕೂತಾಗ ಇನ್ನೊಂದು ಎಚ್ಚರ. ‘ಹಿಂದೆ ಬರೀ ಗಲಾಟೆ ಇದೆ’ ಎಂದು ಧ್ವನಿ ಅಳಿಸಿ ಸಿನಿಮಾ ಹಾಡು ಹಾಕುವ ಆಸೆ ಬರುತ್ತದೆ. ಆ ಗಲಾಟೆಯೇ ನಿಮ್ಮ ಆಸ್ತಿ. ಅಡುಗೆಮನೆಯಿಂದ ದೊಡ್ಡಮ್ಮ ‘ಏನ್ ಮಾಡಾಕತ್ತೀರಿ’ ಎಂದು ಕೂಗುವ ಧಾರವಾಡದ ರಾಗ, ಅತ್ತೆಯ ‘ಎಂತ ಮಾರಾಯ್ತಿ’ ಎನ್ನುವ ಕರಾವಳಿಯ ಧಾಟಿ ಪಠ್ಯಪುಸ್ತಕದಲ್ಲಿ ಸಿಗುವಂಥದ್ದಲ್ಲ. ಈ ಮಹಾನಗರದ ಶಾಲೆ, ಲೋಕಲ್ ರೈಲು, ಆಫೀಸುಗಳ ನಡುವೆ ನಿಮ್ಮ ಕಿವಿಗೆ ಅದು ಬೀಳುವುದೂ ಅಪರೂಪ. ಆದ್ದರಿಂದ ಮೊದಲು ಪೂರ್ತಿ ಇಳಿಸಿ, ಆಮೇಲೆ ಕತ್ತರಿಸಿ. ಮೂಲ ಫೈಲನ್ನು ಮುಟ್ಟಬೇಡಿ. ಅದರ ಎರಡು ಪ್ರತಿ ಎರಡು ಡಿಸ್ಕಿನಲ್ಲಿ, ಸಾಧ್ಯವಾದರೆ ಎರಡು ಮನೆಯಲ್ಲಿ ಇರಲಿ. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವುದಕ್ಕೆ ಬೇರೆ ಚಿಕ್ಕ ಪ್ರತಿ ಮಾಡಿ. ಕೆಲಸ ಮುಗಿಯಿತೆಂದು ಕ್ಯಾಸೆಟ್ಟನ್ನು ರದ್ದಿಗೆ ಹಾಕಬೇಡಿ.

ಎಲ್ಲವನ್ನೂ ಒಮ್ಮೆಗೇ ಹಿಡಿಯಬೇಡಿ. ಬರುವ ಭಾನುವಾರ ಒಂದೇ ಒಂದು ಕ್ಯಾಸೆಟ್ಟು ತೆಗೆಯಿರಿ. ಯಾವುದು ಮೊದಲು ಎಂದು ಗೊಂದಲವಾದರೆ, ಮದುವೆಯದ್ದಕ್ಕಿಂತ ಮುಂಚೆ, ಮನೆಯ ಹಿರಿಯರು ಹೆಚ್ಚು ಮಾತಾಡಿರುವುದನ್ನು ಆರಿಸಿಕೊಳ್ಳಿ.